ಎಲ್ಲಿ ಬರದೈತಿ, ತೋರ್ಸು

ಬೆಳಗ್ಗೆ ನಳದ ನೀರು ಬಂತು, ಹಂಡೆ ಮತ್ತು ಎರಡು ಕೊಡ ತುಂಬಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಮಾಳಿಗೆ ಹತ್ತಿ ಒಣಹಾಕಿದ ಮೆಣಸಿನಕಾಯಿ ಒಮ್ಮೆ ತಿರುವಿ ಬಂದೆ. ಕೌದಿಯ ಹರಿದ ಮೂಲೆಗೆ ತುಂಡು ಹಚ್ಚಿ ಹೊಲಿದೆ. ಬದನೆಕಾಯಿ ಎಣಗಾಯಿ ಮಾಡಿದೆ, ಉಪ್ಪು ಸ್ವಲ್ಪ ಮುಂದಾಯಿತು. ಬೆಕ್ಕನ್ನು ಅಡಿಗೆಮನೆಯಿಂದ ಎರಡು ಸಲ ಹೊರಗೆ ಹಾಕಿದೆ, ಅದು ಮೂರು ಸಲ ಒಳಗೆ ಬಂತು. ಇಷ್ಟಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಪಡಸಾಲೆಗೆ ಬಂದು ಕುಳಿತೆ. ನಮ್ಮ ಯಜಮಾನರು ಪೇಪರ್ ಹಿಡಿದುಕೊಂಡಿದ್ದರು. ನಾನು ಪೇಪರ್ ನೋಡಲಿಲ್ಲ. ಅವರ ಕಣ್ಣು ನೋಡಿದೆ.

“ಏನ ನೋಡಾಕತ್ತೀ?” ಅಂದರು.

“ನೀವು ಓದವಲ್ರಿ.”

“ಮತ್ತೇನ ಮಾಡಾಕತ್ತೀನಿ?”

“ಹಾಳಿ ಹಿಡಕೊಂಡ ಕುಂತೀರಿ. ಅವಾಗಿಂದ ನೋಡಾಕತ್ತೀನಿ, ಕಣ್ಣು ಒಂದ ಕಡೆ ನಿಂತಾವ.”

ಸಿಕ್ಕಿಬಿದ್ದವರ ಹಾಗೆ ನಕ್ಕು ಪೇಪರ್ ಮಡಚಿಟ್ಟರು. ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಸುಮ್ಮನೆ ಕೂಡಲು ಒಂದು ನೆಪ ಬೇಕಲ್ಲ, ಪೇಪರು ಆ ನೆಪ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರು ಓದಲು ಕುಳಿತರೂ ಅವರ ಕಣ್ಣು ನೋಡುವ ಈ ಚಟ ನನಗೆ ಬಿಟ್ಟಿಲ್ಲ. ಬಸ್ಸಿನಲ್ಲಿ ಎದುರಿನವರು ಪುಸ್ತಕ ತೆರೆದರೂ ನೋಡುತ್ತೇನೆ. ಎಷ್ಟೋ ಜನ ನನ್ನನ್ನು ಸಂಶಯದಿಂದ ನೋಡಿ ಪುಸ್ತಕ ಚೀಲಕ್ಕೆ ಹಾಕಿಕೊಂಡಿದ್ದಾರೆ. ಈ ಚಟ ಕಲಿಸಿದವರು ನಮ್ಮ ಅತ್ತೆ. ಅವರಿಗೆ ಓದು ಬರುತ್ತಿರಲಿಲ್ಲ.

ಆಗ ನಾವು ಸಂಶಿಯಲ್ಲೇ ಇದ್ದೆವು, ಈಗಲೂ ಅಲ್ಲೇ ಇದ್ದೇವೆ. ಎಂಬತ್ಮೂರೋ ಎಂಬತ್ನಾಲ್ಕೋ ಇರಬೇಕು. ಯಜಮಾನರು ದಿನಾ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಹತ್ತಿ ವಖಾರಿಯಲ್ಲಿ ಗುಮಾಸ್ತಿಕೆ ಮಾಡಿ ಬರುತ್ತಿದ್ದರು. ಮಗಳು ನೀಲಾಗೆ ಆರು ತುಂಬಿತ್ತು. ಜೂನ್‌ನಲ್ಲಿ ಶಾಲೆಗೆ, ಒಂದನೆಯ ಇಯತ್ತೆಗೆ ಹಾಕಿದೆವು. ಎರಡು ವಾರ ಹೋಗಿರಬೇಕು, ವಿಷಮಜ್ವರ ಬಂತು. ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಹುಬ್ಬಳ್ಳಿಯ ಡಾಕ್ಟರರು ಅವಳ ಕೈ ಹಿಡಿದು ನೋಡಿ, “ಈ ವರ್ಷ ಸಾಲಿ ಮಾತ ಬಿಡ್ರಿ, ಹುಡಗಿ ಮೊದಲ ಗಟ್ಟಿ ಆಗಲಿ” ಅಂದರು. ಕೂದಲು ಉದುರಿ, ಕುತ್ತಿಗೆ ಕಡ್ಡಿಯಾಗಿ, ಕಣ್ಣಷ್ಟೇ ದೊಡ್ಡದಾಗಿ ಉಳಿದಿದ್ದ ಮಗುವನ್ನು ನೋಡಿದರೆ ನನಗೂ ಶಾಲೆಯ ನೆನಪು ಬರುತ್ತಿರಲಿಲ್ಲ. ಆದರೆ ಜ್ವರ ಬಿಟ್ಟು, ಅವಳು ರೊಟ್ಟಿ ಕೇಳಿ ತಿನ್ನಲು ಶುರು ಮಾಡಿದ ಮೇಲೆ, ನನ್ನ ಚಿಂತೆ ಜ್ವರದಿಂದ ಎದ್ದು ಶಾಲೆಯ ಮೇಲೆ ಹೋಗಿ ಕುಳಿತಿತು. ಚಿಂತೆಗೆ ಕೂಡಲು ಯಾವುದಾದರೂ ಜಾಗ ಬೇಕು ನೋಡಿ.

ಹೆಡ್ ಮಾಸ್ತರರ ಹತ್ತಿರ ಹೋದೆ. ಒಳ್ಳೆಯ ಮನುಷ್ಯರು, ಆದರೆ ಮಾತು ನೇರ. “ಮನ್ಯಾಗ ಕಲಸ್ರಿ ಅಕ್ಕಾರ. ಬರೂ ಜೂನ್‌ದಾಗ ಕರಕೊಂಡ ಬರ್ರಿ. ಓದಿದ್ಲಂದ್ರ ಎರಡನೇತ್ತಾ, ಇಲ್ಲಂದ್ರ ಒಂದನೇತ್ತಾ. ಮಾರಿ ನೋಡಿ ಹತ್ತಸೂದಿಲ್ಲ ನಾ.”

“ಓದತಾಳ್ರಿ ಸರ್. ನಾ ಏಳನೇತ್ತಾ ಪಾಸ್ ಆದಾಕಿ” ಅಂದೆ. ಯಾಕೆ ಹಾಗೆ ಹೇಳಿದೆನೋ.

ಬಾಜು ಮನೆಯ ಶಾಂತಕ್ಕನ ಮಗಳು ಸುಮಿತ್ರಾ ನೀಲಾನ ಜೋಡಿಯೇ ಶಾಲೆಗೆ ಸೇರಿದವಳು. ಸುಮಿತ್ರಾ ಎರಡನೆಯದರಲ್ಲಿ ಕುಳಿತು, ನಮ್ಮ ನೀಲಾ ತನಗಿಂತ ಸಣ್ಣ ಮಕ್ಕಳ ನಡುವೆ ಕೂಡುವುದು ನನ್ನ ಕಣ್ಣ ಮುಂದೆ ಬರುತ್ತಿತ್ತು. ರೊಟ್ಟಿ ಬಡಿಯುವಾಗ ಬರುತ್ತಿತ್ತು, ರೊಟ್ಟಿ ಸುಡುತ್ತಿತ್ತು.

ನಮ್ಮಣ್ಣ ಧಾರವಾಡದಲ್ಲಿ ಮಾಸ್ತರ. ಮಗುವನ್ನು ನೋಡಲು ಬಂದವನು ಟವೆಲ್ಲಿನಲ್ಲಿ ಒಂದು ಗಂಟು ಕಟ್ಟಿಕೊಂಡು ಬಂದ. ನಾನು ಮೋಸಂಬಿ ಅಂದುಕೊಂಡೆ. ಬಿಚ್ಚಿದರೆ ಹದಿಮೂರು ತೆಳ್ಳನೆಯ ಕಥೆ ಪುಸ್ತಕ.

“ಪಾರೂ, ಅ ಆ ಇ ಈ ತೀಡಸಬ್ಯಾಡ” ಅಂದ. “ದಿನಾ ಒಂದು ಕಥಿ ಓದು. ಬೆರಳಿಟ್ಟು ಓದು, ಅಕಿನ್ನ ಬಾಜೂಕ ಕುಂಡ್ರಿಸಿಕೊಂಡು ಓದು. ಕಥಿ ಮ್ಯಾಲ ಆಸೆ ಹುಟ್ಟಿದ್ರ ಅಕ್ಷರ ಹಿಂದಿಂದ ಬರ್ತಾವ.”

“ಬರಲಿಲ್ಲಂದ್ರ?”

“ಬರ್ತಾವ ಅಂದ್ನೆಲ್ಲ!”

“ನಿನಗೇನೋ ಅಣ್ಣಾ, ನೀ ನಾಳೆ ರೈಲು ಹತ್ತತೀ. ಹೆಡ್ ಮಾಸ್ತರ ಮುಂದ ನಿಲ್ಲಾಕಿ ನಾ.”

ಅವನು ನಕ್ಕ. ಅಣ್ಣಂದಿರ ನಗೆಯಿಂದ ತಂಗಿಯರ ಚಿಂತೆ ಕಡಿಮೆಯಾದದ್ದು ನಾನು ಕಂಡಿಲ್ಲ.

ನಾನು ಕಲಿತದ್ದು ಹಾಗಲ್ಲ. ನಮ್ಮಪ್ಪ ತಟ್ಟೆಯಲ್ಲಿ ಮರಳು ಹರವಿ ನನ್ನ ಬೆರಳು ಹಿಡಿದು ತಿದ್ದಿಸಿದ್ದ. ಬೆರಳ ತುದಿ ಕೆಂಪಾಗಿ ಉರಿಯುತ್ತಿತ್ತು. ಆಮೇಲೆ ಪಾಟಿ ಬಂತು. ಪಾಟಿ ಒರೆಸಲು ಎಲ್ಲರ ಹತ್ತಿರ ಒದ್ದೆ ಬಟ್ಟೆ ಇರುತ್ತಿತ್ತು, ಆದರೆ ಉಗುಳಿನಷ್ಟು ಕೈಗೆ ಹತ್ತಿರದ್ದು ಬೇರೆ ಯಾವುದಿದೆ? ಒರೆಸಿ, ಗಾಳಿಗೆ ಬೀಸಿ, ಒಣಗುವಾಗ ಅದರಿಂದ ಬರುವ ತಣ್ಣನೆಯ ಕಲ್ಲಿನ ವಾಸನೆ ನನಗೆ ಈಗಲೂ ವಿದ್ಯೆಯ ವಾಸನೆಯೇ. ಕಥೆ ಪುಸ್ತಕ ಅಂತ ನಾನು ಮೊದಲು ಕೈಯಲ್ಲಿ ಹಿಡಿದದ್ದು ಐದನೆಯದರಲ್ಲಿ. ಅದನ್ನೂ ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟು ಓದಿದವಳು ನಾನು. ಅಂಥವಳಿಗೆ, ಕಥೆಯೇ ಪಾಠ ಅಂದರೆ ನಂಬಿಕೆ ಹೇಗೆ ಬರಬೇಕು?

ಆದರೂ ಶುರು ಮಾಡಿದೆ. ಬೇರೆ ದಾರಿ ಇರಲಿಲ್ಲ. ಪಾಟಿ ಹಿಡಿದರೆ ಮಗುವಿನ ಕೈ ನಡುಗುತ್ತಿತ್ತು.

ಮಧ್ಯಾಹ್ನ ಊಟವಾಗಿ ಪಾತ್ರೆ ತಿಕ್ಕಿ ಬೋರಲು ಹಾಕಿದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡುತ್ತಿದ್ದೆವು. ಅತ್ತೆ ಕಂಬಕ್ಕೆ ಒರಗಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ನಾನು ಬೆರಳಿಟ್ಟು ಓದುತ್ತಿದ್ದೆ. “ಒಂದು ಊರಿನಲ್ಲಿ ಒಂದು ಕತ್ತೆ ಇತ್ತು. ಅದಕ್ಕೆ ಸಂತೆ ನೋಡುವ ಆಸೆ. ಆದರೆ ಅದರ ಬೆನ್ನಿನ ಮೇಲೆ ಹೇರಲು ಯಾರ ಬಳಿಯೂ ಏನೂ ಇರಲಿಲ್ಲ.”

“ಹೂಂ” ಅನ್ನುತ್ತಿದ್ದರು ಅತ್ತೆ. ನಮ್ಮ ಕಡೆ ಕಥೆ ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಹೇಳುವವರೂ ನಿಲ್ಲಿಸುತ್ತಾರೆ.

“ಯಾಕ ಆಯಿ, ಕತ್ತಿ ಬರೇ ಬೆನ್ನಿಲೆ ಹೋಗಬಾರದೇನ?” ನೀಲಾ ಅಜ್ಜಿಯನ್ನು ಕೇಳುತ್ತಿದ್ದಳು.

“ಬರಿಗೈಲೆ ಸಂತಿಗಿ ಹೋದ್ರ ಮರ್ಯಾದಿ ಇರತೈತೇನ? ಕತ್ತಿಗೂ ಅಷ್ಟ ತಿಳೀತೈತಿ, ನಿನಗ ತಿಳೀವಲ್ದು.”

ನೀಲಾ ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದಳು. ಹದಿಮೂರರಲ್ಲಿ ಹನ್ನೆರಡನ್ನು ಓದಿದೆ. ಒಂದನ್ನು ಮಾತ್ರ, ಹಬ್ಬದ ಸೀರೆ ತೆಗೆದಿಟ್ಟ ಹಾಗೆ, ಗೋಡೆಯಲ್ಲಿನ ದೇವರ ಮಾಡದ ಮೇಲೆ ತೆಗೆದಿಟ್ಟೆ. ಅವಳು ತಾನೇ ಓದುವ ದಿನಕ್ಕೆ ಇರಲಿ ಅಂತ. ಓಣಿಯಲ್ಲಿ ಸುಮಿತ್ರಾ ಕಾಗುಣಿತ ಕೂಗುವುದು ಕೇಳಿಸುತ್ತಿತ್ತು. ಅವಳು ಕಾ ಕಿ ಕೀ ಅಂದಾಗಲೆಲ್ಲ ನಾನು ಓದುತ್ತಿದ್ದ ಸಾಲು ತಪ್ಪುತ್ತಿತ್ತು. ನಮ್ಮವಳು ಕತ್ತೆ, ಕಪ್ಪೆ, ಸಂತೆ ಅಂತ ಕುಳಿತಿದ್ದಾಳಲ್ಲ!

ದೀಪಾವಳಿಯ ಆಸುಪಾಸಿನಲ್ಲಿ ಒಂದು ದಿನ ನಾನು ಕಡಲೆಬೇಳೆ ಹುರಿಯುತ್ತಿದ್ದೆ. ಪಡಸಾಲೆಯಿಂದ ಓದುವ ಧ್ವನಿ ಬಂತು. ಇಣುಕಿ ನೋಡಿದರೆ ನೀಲಾ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟು, ನಾನು ಓದುವ ಧಾಟಿಯಲ್ಲೇ ಓದುತ್ತಿದ್ದಾಳೆ. ಪುಟ ಮುಗಿದ ಕಡೆ ಸರಿಯಾಗಿ ಪುಟ ತಿರುವುತ್ತಾಳೆ. ಒಂದೂ ತಪ್ಪಿಲ್ಲ. ಬೇಳೆ ಕರ್ರಗಾಯಿತು. ಆಗಲಿ ಬಿಡಿ. ಓಡಿಹೋಗಿ ಶಾಂತಕ್ಕನನ್ನು ಕೈಹಿಡಿದು ಎಳೆದುಕೊಂಡು ಬಂದೆ.

ಶಾಂತಕ್ಕ ಬಾಗಿಲಲ್ಲಿ ನಿಂತು ಕೇಳಿದಳು. “ಎವ್ವಾ, ಪಾಟಿ ಹಿಡೀಲಾರದ ಹುಡಗಿ ಹೊಳೀ ಹರಿದಂಗ ಓದತೈತಿ! ನಮ್ಮಾಕಿ ಇನ್ನೂ ‘ಬಸವ ಬಂದ’ ಅನ್ನೂದರಾಗ ಅದಾಳ. ಏನ ಮಾಡಿದಿ ಪಾರವ್ವಾ?”

“ಏನಿಲ್ಲಕ್ಕಾ. ಕಥಿ ಓದಿದೆ, ಅಷ್ಟ” ಅಂದೆ. ಎಷ್ಟು ಸಾದಾ ಮುಖ ಮಾಡಿಕೊಂಡು ಹೇಳಿದೆನೆಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅಣ್ಣನಿಗೆ ಕಾರ್ಡು ಬರೆದೆ. ಯಜಮಾನರು ವಖಾರಿಯಲ್ಲಿ ಎಲ್ಲರಿಗೂ ಹೇಳಿ ಬಂದರು. ಹೆಡ್ ಮಾಸ್ತರರು ಓಣಿಯಲ್ಲಿ ಸಿಕ್ಕಾಗ ನಾನು ಕೇಳದಿದ್ದರೂ ನಿಂತು ಹೇಳಿದೆ. ತಿಂಗಳೆರಡು ತಿಂಗಳು ನಾನು ಸುಖವಾಗಿ ಮಲಗಿದೆ.

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಒಲೆಯ ಮುಂದೆ ಕುಳಿತು ಬೇಯಿಸುತ್ತಿದ್ದರು. ರೊಟ್ಟಿ ಮಗುಚಿ ಹಾಕಿ, ಮೆಲ್ಲಗೆ ಅಂದರು:

“ಪಾರವ್ವಾ, ಹುಡಗಿ ಓದವಲ್ಳು.”

“ಯಾಕ್ರಿ ಅತ್ತಿ, ಮುಂಜಾನೆ ಓದಿದ್ಲಲ್ರಿ?”

“ಬಾಯಿ ಓದತೈತಿ. ಕಣ್ಣು ಓದವಲ್ವು.”

ನನಗೆ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಒಂದು ಶ್ರಾವಣ ತಪ್ಪಿಸಿದವರಲ್ಲ, ಯಾವಾಗಲೂ ಮುಂದೆಯೇ ಕೂಡುವವರು. “ಓದವ್ರ ಕಣ್ಣ ಹೊಲಾ ರಂಟಿ ಹೊಡದಂಗ ನೋಡವಾ. ಈ ಬದುವಿನಿಂದ ಆ ಬದುವಿಗಿ ಹೋಗತಾವ, ತಿರಗತಾವ, ಮತ್ತ ಬರತಾವ. ನಮ್ಮ ಹುಡಗೀ ಕಣ್ಣ ಕತ್ತಿ ಚಿತ್ರದ ಮ್ಯಾಲ ನಿಂತಬಿಟ್ಟಾವ. ಬೆರಳ ಒಂದ ಕಡೆ, ಬಾಯಿ ಒಂದ ಕಡೆ. ಬಾಯಿಪಾಠ ಮಾಡೈತಿ ಅದು.”

ಅವರ ಮೇಲೆ ಸಿಟ್ಟು ಬಂತು. ಅಕ್ಷರ ಗೊತ್ತಿಲ್ಲದವರು ಓದಿನ ಬಗ್ಗೆ ಏನು ಹೇಳುತ್ತಾರೆ ಅಂತ. ಆದರೆ ಕೈಯ ಹಿಟ್ಟು ತೊಳೆದುಕೊಂಡು ನೆಟ್ಟಗೆ ದೇವರ ಮಾಡದ ಹತ್ತಿರ ಹೋದೆ. ತೆಗೆದಿಟ್ಟ ಹದಿಮೂರನೆಯ ಪುಸ್ತಕ ಇಳಿಸಿ, ಧೂಳು ಒರೆಸಿ ನೀಲಾನ ಕೈಗೆ ಕೊಟ್ಟೆ.

“ಓದವಾ.”

ಅವಳು ಒಳ್ಳೆಯ ಮಗು. ಪುಸ್ತಕ ತೆರೆದಳು, ಮೊದಲನೆಯ ಚಿತ್ರ ನೋಡಿದಳು, ಎರಡನೆಯದು ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಏನೂ ಅನುಮಾನವಿಲ್ಲದೆ ಹೇಳಿದಳು:

“ಇದನ್ನ ನೀ ನನಗ ಇನ್ನೂ ಓದಿ ಹೇಳಿಲ್ಲಲ್ಲವ್ವಾ. ಮೊದಲ ನೀ ಓದು, ಆಮ್ಯಾಗ ನಾ ಓದತೀನಿ.”

ಪಾಪ, ಅವಳು ಮೋಸ ಮಾಡಿರಲಿಲ್ಲ. ಓದುವುದೆಂದರೆ ಅದೇ ಅಂತ ತಿಳಿದಿದ್ದಳು. ಹಾಗಂತ ತಿಳಿಸಿದವಳು ನಾನೇ. ಸಂಕ್ರಾಂತಿಯ ದಿನ ಎಲ್ಲರ ಮನೆಗೆ ಎಳ್ಳು ಬೀರಲು ಹೋದರೆ, ಎಲ್ಲರೂ ಕೇಳಿದ್ದು ಒಂದೇ: “ನಿಮ್ಮ ನೀಲಾ ಈಗ ಯಾವ ಪುಸ್ತಕ ಓದಾಕತ್ತಾಳ?” ನಾನು ಎಳ್ಳು ಕೊಟ್ಟು ಬೇಗ ಬೇಗ ಮುಂದಿನ ಮನೆಗೆ ಹೋದೆ. ಯಜಮಾನರಿಗೆ ತಿಳಿಯಬಾರದೆಂದು ಅತ್ತೆಯ ಕೈ ಹಿಡಿದು, “ಇವರ ಮುಂದ ಹೇಳಬ್ಯಾಡ್ರಿ” ಅಂತ ಬೇಡಿಕೊಂಡೆ. ಹೆಡ್ ಮಾಸ್ತರರು ದೂರದಲ್ಲಿ ಕಂಡರೆ ಬಾವಿಯ ಕಡೆಯ ಸಂದಿಗೆ ತಿರುಗುತ್ತಿದ್ದೆ. ಕೊಡವಿಲ್ಲದೆ ಬಾವಿಗೆ ಹೋಗುವ ಹೆಂಗಸನ್ನು ಜನ ಏನಂದುಕೊಂಡರೋ.

ಜೂನ್‌ಗೆ ಐದು ತಿಂಗಳಿಲ್ಲ. ಅಣ್ಣನ ಮಾತು ಬಿಟ್ಟೆ, ಪುಸ್ತಕ ಗಂಟು ಕಟ್ಟಿದೆ, ಪಾಟಿ ತೆಗೆದೆ. ಅ ಬರಿ, ಆ ಬರಿ. ಎಂಟು ದಿನ ತಿದ್ದಿಸಿದೆ. ಒಂಬತ್ತನೆಯ ದಿನ ಹೊಡೆದೆ. ಜ್ವರದಿಂದ ಎದ್ದ ಮಗು, ತಲೆಯಲ್ಲಿ ಆಗತಾನೇ ಕೂದಲು ಬರುತ್ತಿದ್ದ ಮಗು. ಅವಳು ಅಳಲಿಲ್ಲ. ಪಾಟಿ ಕೆಳಗಿಟ್ಟು ಹೋಗಿ ಆಯಿಯ ಹಿಂದೆ ಕುಳಿತಳು. ಮರುದಿನ ನಾನೇ ತಪ್ಪೊಪ್ಪಿಕೊಂಡವಳ ಹಾಗೆ ಕತ್ತೆಯ ಕಥೆ ಪುಸ್ತಕ ತಂದರೆ, “ಒಲ್ಲೆ” ಅಂದಳು. ಪಾಟಿಯೂ ಹೋಯಿತು, ಕಥೆಯೂ ಹೋಯಿತು. ಆ ವಾರ ನಾನು ತಿಂದದ್ದು ಮೈಗೆ ಹತ್ತಲಿಲ್ಲ.

ಪುಸ್ತಕ ಚಾಪೆಯ ಮೇಲೆ ಬಿದ್ದಿತ್ತು. ಅತ್ತೆ ಬತ್ತಿ ಹೊಸೆಯುವುದು ಬಿಟ್ಟು ಅದನ್ನು ಎತ್ತಿಕೊಂಡರು. ಬಹಳ ಹೊತ್ತು ನೋಡಿದರು. ನಿಜವಾಗಿಯೂ ನೋಡಿದರು, ಆಟಕ್ಕಲ್ಲ.

“ಲೇ ನೀಲಾ, ಇದರಾಗ ಕತ್ತಿ ಅಂತ ಎಲ್ಲಿ ಬರದೈತಿ?”

“ಇಲ್ಲಿ” ಅಂತ ಅವಳು ಕುಳಿತಲ್ಲಿಂದಲೇ ಚಿತ್ರ ತೋರಿಸಿದಳು.

“ಅದು ಚಿತ್ರ ಬೇ. ಅಷ್ಟ ನನಗೂ ಗೊತ್ತೈತಿ. ಬರದದ್ದು ಎಲ್ಲೈತಿ, ತೋರ್ಸು. ಇದೇನ?” ಅಂತ ಅತ್ತೆ ಎಲ್ಲೋ ಒಂದು ಕಡೆ ಬೆರಳಿಟ್ಟರು.

“ಅಲ್ಲ!” ಅಂದಳು ನೀಲಾ. ಅಲ್ಲ ಅಂತ ಅವಳಿಗೂ ಗೊತ್ತಿರಲಿಲ್ಲ, ಆದರೆ ಅಂದಳು. ಅಂದ ಮೇಲೆ ತೋರಿಸಬೇಕಲ್ಲ? ತೆವಳಿಕೊಂಡು ಮುಂದೆ ಬಂದಳು. ಮೊದಲಿನಿಂದ ಶುರು ಮಾಡಿ ಒಂದೊಂದು ಮಾತಿಗೆ ಒಂದೊಂದು ಕಡೆ ಬೆರಳು ಒತ್ತಿದಳು. “ಒಂದು... ಊರಿನಲ್ಲಿ... ಒಂದು... ಕತ್ತೆ. ಇಲ್ಲೈತಿ ಆಯಿ!” ಆಮೇಲೆ ತಟ್ಟನೆ ಬೆರಳು ಹಿಂದಕ್ಕೆ ಹೋಯಿತು. “ಆಯಿ, ಇಲ್ಲಿ ನೋಡು! ಒಂದು ಎರಡ ಸಲ ಬಂದೈತಿ!”

ಅತ್ತೆ ಬಗ್ಗಿ ನೋಡಿದರು. “ಹೌದಲ್ಲಽ! ಎರಡೂ ಅಗದಿ ಒಂದ ನಮೂನಿ ಅದಾವ. ಮತ್ತೆಲ್ಲೆರ ಐತೇನ ನೋಡು.”

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೋಗಿ ನಡುವೆ ಬಾಯಿ ಹಾಕಬೇಕು ಅಂತ ಕಾಲು ತುಡಿಯುತ್ತಿತ್ತು. ಹೋಗಲಿಲ್ಲ. ಆ ವರ್ಷ ನಾನು ಮಾಡಿದ ಒಂದೇ ಜಾಣತನದ ಕೆಲಸ ಅದು.

ಅಂದಿನಿಂದ ದಿನಾ ಅದೇ ಆಟ. ಸಂತೆ ಎಲ್ಲಿ ಬರದೈತಿ? ಕಪ್ಪೆ ಎಲ್ಲಿ ಬರದೈತಿ? ಹನ್ನೆರಡು ಪುಸ್ತಕ ಬಾಯಲ್ಲಿ ಇದ್ದದ್ದರಿಂದಲೇ ಅವಳಿಗೆ ಹುಡುಕಲು ಬಂತು. ಬಾಯಿ ಮುಂದೆ ಹೋಗಿ ನಿಲ್ಲುತ್ತಿತ್ತು, ಕಣ್ಣು ಹಿಂದಿನಿಂದ ಹುಡುಕಿಕೊಂಡು ಹೋಗಿ ಅದನ್ನು ಸೇರುತ್ತಿತ್ತು. ನಾನು ಕೇಳಿದ್ದರೆ ಅದು ಪರೀಕ್ಷೆಯಾಗುತ್ತಿತ್ತು. ಅತ್ತೆಗೆ ನಿಜವಾಗಿ ಗೊತ್ತಿರಲಿಲ್ಲವಲ್ಲ, ಅದಕ್ಕೇ ಅವರಿಗೆ ತೋರಿಸುವುದರಲ್ಲಿ ಅವಳಿಗೆ ಹಿಗ್ಗು. “ಆಯಿಗಿ ಏನೂ ಬರಂಗಿಲ್ಲವ್ವಾ, ನಾನಽ ಕಲಸಬೇಕು” ಅಂತ ನನ್ನ ಹತ್ತಿರ ದೂರುತ್ತಿದ್ದಳು. ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ಹದಿಮೂರನೆಯ ಪುಸ್ತಕವನ್ನು ತಾನೇ ತೆಗೆದು, ಒಂದೊಂದು ಅಕ್ಷರ ಕಚ್ಚಿ ಹಿಡಿದು, ಎರಡು ಪುಟ ಓದಿದಳು. ನಾನು ಈ ಸಲ ಶಾಂತಕ್ಕನನ್ನು ಕರೆಯಲಿಲ್ಲ. ಕಣ್ಣು ನೋಡಿದೆ. ಹೌದು, ಈ ಬದುವಿನಿಂದ ಆ ಬದುವಿಗೆ ಹೋಗುತ್ತಿದ್ದವು. ನಡುನಡುವೆ ಕಲ್ಲಿಗೆ ತಾಗಿದ ನೇಗಿಲಿನಂತೆ ನಿಲ್ಲುತ್ತಿದ್ದವು. ಒತ್ತಕ್ಷರ ಬಂದಲ್ಲೆಲ್ಲ ಕಲ್ಲು.

ಜೂನ್ ಬಂತು. ಹೋಗುವ ಹಿಂದಿನ ದಿನ ನೆನಪಾಯಿತು: ಬರವಣಿಗೆ! ತನ್ನ ಹೆಸರು, ಕತ್ತೆ, ಆಯಿ, ಇನ್ನು ಹತ್ತೆಂಟು ಮಾತು ಬಿಟ್ಟರೆ ಅವಳು ಏನೂ ಬರೆದವಳಲ್ಲ. ಪಾಟಿಗೆ ನಾನೇ ಹೆದರಿ ದೂರ ಇಟ್ಟಿದ್ದೆ. ಅವತ್ತು ಇಡೀ ದಿನ ಮಜ್ಜಿಗೆ ಕಡೆಯುತ್ತಲೇ ಇದ್ದೆ, ಬೆಣ್ಣೆ ಯಾವಾಗ ಬಂತೋ ತಿಳಿಯಲಿಲ್ಲ.

ಹೆಡ್ ಮಾಸ್ತರರು ಎರಡನೆಯ ಇಯತ್ತೆಯ ಪುಸ್ತಕ ತೆರೆದು ಒಂದು ಪಾಠ ತೋರಿಸಿ, “ಓದವಾ ನೀಲಾ” ಅಂದರು. ಅವಳು ಮೇಜಿನ ಮುಂದೆ ನಿಂತಿದ್ದಳು. ನಾನು ಹಿಂದೆ, ಗೋಡೆಯ ಹತ್ತಿರ. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಎಣ್ಣೆ ಹಚ್ಚಿ ಬಾಚಿದ ಗಿಡ್ಡ ಕೂದಲು. ಕಣ್ಣು ಕಾಣುತ್ತಿರಲಿಲ್ಲ.

ಬಾಯಿ ತೆರೆಯಲಿಲ್ಲ ಅವಳು. ಹೊರಗೆ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಐದರ ಮಗ್ಗಿ ಮುಗಿಯಿತು, ಆರರದು ಶುರುವಾಯಿತು. ಇವಳು ಸುಮ್ಮನೆ.

“ಓದು, ಅಂಜಬ್ಯಾಡ.”

ಸುಮ್ಮನೆ. ಹೆಡ್ ಮಾಸ್ತರರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೈಗುಳವಿರಲಿಲ್ಲ, ಕನಿಕರವಿತ್ತು. ನನಗೆ ಅದಕ್ಕಿಂತ ಬೈಗುಳವೇ ವಾಸಿಯಿತ್ತು. ಪುಸ್ತಕ ಮುಚ್ಚಲು ಅವರು ಕೈ ಮುಂದೆ ಮಾಡಿದರು. ಅಷ್ಟರಲ್ಲಿ ನೀಲಾ ಪುಟ ತಿರುವಿದಳು. ಆ ಕಡೆಯ ಪುಟದ ಮೇಲೆ ಬಗ್ಗಿ, ಅಲ್ಲೂ ಅಷ್ಟೇ ಹೊತ್ತು ನಿಂತು, ಆಮೇಲೆ ತಲೆ ಎತ್ತಿದಳು.

“ಸರ್, ಈ ಪಾಠದಾಗಿನ ಮುದುಕಿಗಿ ಕಳದ ಆಡು ಸಿಗತೈತ್ರಿ. ಹಿತ್ತಲದಾಗ ಇತ್ರಿ ಅದು.”

ಹೆಡ್ ಮಾಸ್ತರರು ಚಾಚಿದ ಕೈ ಹಾಗೇ ಹಿಂದಕ್ಕೆ ತೆಗೆದುಕೊಂಡರು. “ಆತು. ಈಗ ನನಗ ಕೇಳೂಹಂಗ ಓದು.”

ಓದಿದಳು. ಹೊಳೆ ಹರಿದ ಹಾಗೇನೂ ಅಲ್ಲ. ಎಡವಿ, ಎದ್ದು, ಒತ್ತಕ್ಷರಗಳನ್ನು ಕೆಲವು ನುಂಗಿ, ಕೆಲವನ್ನು ಬಿಟ್ಟು ಓದಿದಳು. ಬರೆಯಲು ಕೊಟ್ಟರೆ ಆರು ಮಾತಿನಲ್ಲಿ ಮೂರು ತಪ್ಪು. ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿದರು.

“ನೋಡ್ರಿ ಅಕ್ಕಾರ. ಓದತಾಳ. ಬರವಣಿಗಿ ಅಗದಿ ಕಚ್ಚಾ ಐತಿ. ಎರಡನೇತ್ತಾದಾಗ ಕೂಡಸ್ತೀನಿ. ದಸರಾ ಸೂಟಿ ತನಕ ನೋಡತೀನಿ. ಸುಧಾರಸಲಿಲ್ಲಂದ್ರ ತಿರುಗಿ ಒಂದನೇತ್ತಾಕ ಕಳಸ್ತೀನಿ. ಆಗ ನನ್ನ ಮುಂದ ಬರಬ್ಯಾಡ್ರಿ.”

“ಹೌದ್ರಿ ಸರ್” ಅಂದೆ. ಬಾವಿಯ ಸಂದಿ ಸುತ್ತದೆ ನೆಟ್ಟಗೆ ಓಣಿಯಲ್ಲಿ ನಡೆದು ಮನೆಗೆ ಬಂದೆವು. ದಸರಾ ತನಕ ಅಂದರೆ ನಾಲ್ಕು ತಿಂಗಳ ಚಿಂತೆ. ದಾರಿಯಲ್ಲೇ ಎಣಿಸಿಕೊಂಡೆ.

ಅತ್ತೆ ಹೊಸ್ತಿಲಲ್ಲೇ ಕುಳಿತಿದ್ದರು. ಎರಡನೆಯದು ಅಂತ ಕೇಳಿ, “ದಸರಾ ಬಂದಾಗ ನೋಡೂಣು, ಈಗ ಉಣ್ಣಬರ್ರಿ” ಅಂದರು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇತ್ತು. ನೀಲಾಗೆ ಅಂತ ಒಂದು ಬಟ್ಟಲು ಸಿಹಿ ಸಜ್ಜಕ ಮಾಡಿದ್ದರು. ಅವಳು ಅರ್ಧ ತಿಂದು ಉಳಿದದ್ದನ್ನು ನನ್ನ ತಾಟಿಗೆ ಸರಿಸಿ, ಕೈ ತೊಳೆದು, ಶಾಲೆಯಲ್ಲಿ ಕೊಟ್ಟ ಹೊಸ ಪುಸ್ತಕ ಹಿಡಿದು ಅಜ್ಜಿಯ ಪಕ್ಕ ಕುಳಿತಳು. ನಾನು ಪಾತ್ರೆ ತಿಕ್ಕದೆ, ಜೀವಮಾನದಲ್ಲಿ ಮೊದಲ ಸಲ ಎಂಜಲು ತಾಟು ಹಾಗೇ ಬಿಟ್ಟು, ಚಾಪೆಯ ತುದಿಗೆ ಅಡ್ಡಾದೆ. ಅವಳು ಓದುತ್ತಿದ್ದಳು. ಒಂದು ಒತ್ತಕ್ಷರದ ಹತ್ತಿರ ನಿಂತಳು. ಮತ್ತೆ ಹಿಂದಿನಿಂದ ಬಂದಳು, ಮತ್ತೆ ಅಲ್ಲೇ ನಿಂತಳು. ಎದ್ದು ಹೇಳಿಕೊಡಬೇಕು ಅಂದುಕೊಂಡೆ. ಮೂರನೆಯ ಸಲ ಅವಳು ಅದನ್ನು ದಾಟಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ಮನೆಯಲ್ಲಿ ಮೊದಲು ನಿದ್ದೆ ಹೋದವಳು ನಾನು.